ಮುತ್ತಜ್ಜನ ಕಲ್ಲು ಎಲ್ಲಿ ನೆಡಬೇಕು?

ಪ್ರಶ್ನೆ: ನಮ್ಮದು ಗದಗ ಜಿಲ್ಲೆ, ರೋಣ ತಾಲ್ಲೂಕು. ನಮ್ಮ ಅಜ್ಜನ ಅಪ್ಪ ಮೊದಲನೇ ಮಹಾಯುದ್ಧದಲ್ಲಿ ಮರಾಠಾ ಪಲ್ಟನ್ ಸೇರಿ ಹೋದವರು ತಿರುಗಿ ಬರಲಿಲ್ಲ. ‘ಬಸ್ರಾದಾಗ ತೀರಿಕೊಂಡ್ರು’ ಅಂತ ಮನೆಯಲ್ಲಿ ಹೇಳುತ್ತಾರೆ. ಹೆಣ ಬರಲಿಲ್ಲ, ಸಮಾಧಿ ಎಲ್ಲಿದೆಯೋ ಗೊತ್ತಿಲ್ಲ. ಮುತ್ತಜ್ಜಿ ಸಾಯುವ ತನಕ ಕೈಬಳೆ ತೆಗೆಯಲಿಲ್ಲವಂತೆ. ಮನೆಯಲ್ಲಿ ಒಂದು ಬೆಳ್ಳಿ ಬಿಲ್ಲೆ ಇದೆ. ಒಂದು ಕಡೆ ರಾಜನ ಮುಖ, ಇನ್ನೊಂದು ಕಡೆ ಕುದುರೆ ಸವಾರ. ಇಂಗ್ಲೆಂಡಿನ ಕೆಲವು ಮನೆತನಗಳು ಕಾಣೆಯಾದ ಮಕ್ಕಳ ಹೆಸರಿನಲ್ಲಿ ಫ್ರಾನ್ಸಿನ ಹೊಲಗಳಲ್ಲೇ ಕಲ್ಲು ನಿಲ್ಲಿಸಿವೆ ಅಂತ ಓದಿದೆ. ನಾವು ಅಣ್ಣತಮ್ಮಂದಿರು ಸೇರಿ ಇರಾಕ್‌ನಲ್ಲಿ ಅಂಥದ್ದೊಂದು ಕಲ್ಲು ನಿಲ್ಲಿಸಬಹುದಾ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೊದಲು ಒಂದು ಮಾತು. ಆ ಬಿಲ್ಲೆಯನ್ನು ಹಬ್ಬಕ್ಕೆ ಹಿತ್ತಾಳೆ ಸಾಮಾನಿನ ಜೊತೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರೆ ಇವತ್ತೇ ನಿಲ್ಲಿಸಿ. ನಿಮ್ಮ ಮುತ್ತಜ್ಜನ ಹೆಸರು ಇರುವುದು ಅದರ ಅಂಚಿನ ಮೇಲೆ.

ನೀವು ಹೇಳಿದ ಗುರುತು ನೋಡಿದರೆ ಅದು ಬ್ರಿಟಿಷ್ ವಾರ್ ಮೆಡಲ್. ಸೈನಿಕರಿಗೆ ಬೆಳ್ಳಿಯದು ಕೊಟ್ಟರು, ಕೂಲಿ ದಳದವರಿಗೆ ಕಂಚಿನದು. ರೂಪಾಯಿ ನಾಣ್ಯದ ಅಂಚು ಮುಟ್ಟಿ ನೋಡುತ್ತೇವಲ್ಲ, ಹಾಗೆ ಇದರ ಅಂಚನ್ನು ಮೆಲ್ಲಗೆ ತಿರುಗಿಸುತ್ತಾ ಭೂತಗನ್ನಡಿಯಲ್ಲಿ ನೋಡಿ. ಸಣ್ಣ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಮೊದಲು ಒಂದು ನಂಬರ್, ಆಮೇಲೆ ದರ್ಜೆ, ಆಮೇಲೆ ಹೆಸರು, ಕೊನೆಗೆ ಪಲ್ಟನ್. ಈ ಒಂದು ಸಾಲು ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಮನೆಯ ಹಳೆ ಪೆಟ್ಟಿಗೆ, ಟ್ರಂಕುಗಳಲ್ಲಿ ಇನ್ನೊಂದು ವಸ್ತುವನ್ನೂ ಹುಡುಕಿ. ಯುದ್ಧದಲ್ಲಿ ಸತ್ತವರ ಮನೆಗೆ ಸುಮಾರು 12 ಸೆಂಟಿಮೀಟರ್ ಅಗಲದ ಗುಂಡಗಿನ ಕಂಚಿನ ಫಲಕ ಕಳಿಸುತ್ತಿದ್ದರು. ಅದರ ಮೇಲೆ ಸಿಂಹ ಇರುತ್ತದೆ, ಸತ್ತವರ ಹೆಸರು ಉಬ್ಬಿಕೊಂಡಿರುತ್ತದೆ. ದರ್ಜೆ, ಪಲ್ಟನ್ ಏನೂ ಇರುವುದಿಲ್ಲ. ಸಾವಿನಲ್ಲಿ ಎಲ್ಲರೂ ಸಮ ಅಂತ ಬೇಕೆಂದೇ ಬಿಟ್ಟಿದ್ದರು. ಆ ಮಾತಿಗೆ ಆಮೇಲೆ ಮತ್ತೆ ಬರುತ್ತೇನೆ.

ನಂಬರ್ ಯಾಕೆ ಮುಖ್ಯ ಅಂದರೆ, ಹೆಸರನ್ನು ನಂಬುವ ಹಾಗಿಲ್ಲ. ಭರ್ತಿ ಮಾಡಿಕೊಳ್ಳುವಾಗ ಬರೆದುಕೊಂಡ ಕಾರಕೂನನಿಗೆ ಕನ್ನಡ ಬರುತ್ತಿರಲಿಲ್ಲ. ನಿಂಗಪ್ಪ ಲಿಂಗಪ್ಪ ಆಗಿರುತ್ತಾನೆ, ಫಕೀರಪ್ಪನ ಹೆಸರಿಗೆ ಮರಾಠಿ ಬಾಲ ಬಂದಿರುತ್ತದೆ. ಅಡ್ಡಹೆಸರನ್ನಂತೂ ಎಷ್ಟೋ ಸಲ ಬರೆದುಕೊಂಡೇ ಇಲ್ಲ. ಒಮ್ಮೆ ನಾನೇ ಹಾವೇರಿ ಕಡೆಯ ಒಂದು ಮನೆಯವರಿಗೆ ತಪ್ಪು ಮನುಷ್ಯನನ್ನು ತೋರಿಸಿದ್ದೆ. ಹೆಸರು ಒಂದೇ, ತಂದೆಯ ಹೆಸರೂ ಒಂದೇ, ಪಲ್ಟನ್ ಕೂಡ ಒಂದೇ. ನಂಬರ್ ಬೇರೆ ಇತ್ತು, ನಾನು ನೋಡಿರಲಿಲ್ಲ. ಅವರು ಆ ಹೆಸರಿಗೆ ಎಡೆ ಹಿಡಿದು ಆಗಿತ್ತು. ಎರಡು ವರ್ಷದ ಮೇಲೆ ಹೋಗಿ, ‘ಇವರು ನಿಮ್ಮವರಲ್ಲ’ ಅಂತ ಆ ಮನೆಯ ಹಿರಿಯರ ಮುಂದೆ ಹೇಳಬೇಕಾಯಿತು. ಆ ದಿನ ಇನ್ನೂ ಮರೆತಿಲ್ಲ. ಅದಕ್ಕೇ ನಂಬರ್ ಸಿಗದೆ ಕಲ್ಲಿನ ಮಾತೇ ಬೇಡ ಅನ್ನುತ್ತೇನೆ.

ಹುಡುಕುವಾಗ ಗದಗ ಅಂತ ಹುಡುಕಬೇಡಿ. ಗದಗ ಮತ್ತು ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಆಗ ರೋಣ ಇದ್ದದ್ದು ಧಾರವಾಡ ಜಿಲ್ಲೆಯಲ್ಲಿ, ಮುಂಬಯಿ ಪ್ರಾಂತದಲ್ಲಿ. ಇಂಗ್ಲಿಷ್ ದಾಖಲೆಗಳಲ್ಲಿ ಅದು ‘ಧಾರವಾರ್’. ಯುದ್ಧದಲ್ಲಿ ಸತ್ತವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟಿನಲ್ಲಿ ಸೈನಿಕ ನಂಬರ್ ಹಾಕಿ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಕೆಲವು ನಮೂದುಗಳಲ್ಲಿ ತಂದೆಯ ಹೆಸರು, ಊರು, ತಾಲ್ಲೂಕು ಎಲ್ಲ ಇರುತ್ತವೆ. ಪಲ್ಟನ್ ನಂಬರ್ ವಿಚಾರದಲ್ಲೂ ಗೊಂದಲ ಆಗುತ್ತದೆ. 1922ರಲ್ಲಿ ಸೈನ್ಯವನ್ನು ಹೊಸದಾಗಿ ಜೋಡಿಸಿದಾಗ ಹಳೆಯ 103ನೇ, 105ನೇ, 110ನೇ, 117ನೇ ಮರಾಠಾ ಪಲ್ಟನ್‌ಗಳೆಲ್ಲ 5ನೇ ಮರಾಠಾ ರೆಜಿಮೆಂಟಿನ ಬೆಟಾಲಿಯನ್‌ಗಳಾದವು. ಬೆಳಗಾವಿಯಲ್ಲಿರುವ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರಕ್ಕೆ ಪತ್ರ ಬರೆದರೆ ಮೆಡಲ್ ಮೇಲಿರುವ ಹಳೆ ಪಲ್ಟನ್ ನಂಬರನ್ನೇ ಬರೆಯಿರಿ.

ಇನ್ನು ‘ಬಸ್ರಾ’. ಮನೆಯಲ್ಲಿ ಬಸ್ರಾ ಅಂದರೆ ಬಸ್ರಾ ಊರೇ ಆಗಬೇಕಿಲ್ಲ. ಮೆಸೊಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕ್‌ಗೆ, ಹೋದವರೆಲ್ಲ ಹಡಗಿನಿಂದ ಇಳಿದದ್ದು ಅಲ್ಲಿ. ಊರಿಗೆ ಬಂದ ಸುದ್ದಿಯಲ್ಲಿ ಉಳಿದದ್ದೂ ಆ ಹೆಸರೇ. ಅಲ್ಲಿಂದ ಅವರು ಟೈಗ್ರಿಸ್ ನದಿಗುಂಟ ಬಾಗ್ದಾದ್ ಕಡೆ ನಡೆದರು. ನಿಮ್ಮವರು 103, 110 ಅಥವಾ 117ನೇ ಪಲ್ಟನ್ನಿನವರಾಗಿದ್ದರೆ 6ನೇ ಪೂನಾ ಡಿವಿಜನ್ ಜೊತೆ ಇದ್ದಿರಬೇಕು. 1915ರ ನವೆಂಬರಿನಲ್ಲಿ ಬಾಗ್ದಾದ್ ಹತ್ತಿರದ ಟೆಸಿಫನ್‌ನಲ್ಲಿ ಆ ಡಿವಿಜನ್‌ಗೆ ದೊಡ್ಡ ಪೆಟ್ಟು ಬಿತ್ತು. ಹಿಂದೆ ಸರಿದು ಕೂತ್ ಎಂಬ ಊರು ಸೇರಿದರು. ತುರ್ಕಿ ಸೈನ್ಯ ಸುತ್ತ ಮುತ್ತಿಗೆ ಹಾಕಿತು. ಅವರನ್ನು ಬಿಡಿಸಲು ಹೋದ ಸೈನ್ಯದಲ್ಲೇ ಸುಮಾರು 23,000 ಮಂದಿ ಸತ್ತರು ಅಥವಾ ಗಾಯಗೊಂಡರು. ಆದರೂ ಬಿಡಿಸಲು ಆಗಲಿಲ್ಲ.

ಕೂತ್ ಮುತ್ತಿಗೆ 147 ದಿನ ನಡೆಯಿತು. ಕಾಳು ಮುಗಿಯಿತು. ಕುದುರೆ, ಹೇಸರಗತ್ತೆಗಳನ್ನು ಕಡಿದು ಹಂಚಿದರು. ನಮ್ಮ ದೇಶದ ಬಹಳ ಸೈನಿಕರು ತಿಂಗಳುಗಟ್ಟಲೆ ಅದನ್ನು ಮುಟ್ಟಲಿಲ್ಲ. ಧರ್ಮದ ಕಾರಣ ಇತ್ತು, ಊರಿಗೆ ಹೋದ ಮೇಲೆ ಜಾತಿಯವರು ಏನಂದಾರು ಅನ್ನುವ ಭಯವೂ ಇತ್ತು. ಹಸಿವಿನಿಂದ ಬಾಯಿ ಹುಣ್ಣಾಗಿ, ವಸಡಿನಲ್ಲಿ ರಕ್ತ ಸುರಿಯುವ ಸ್ಕರ್ವಿ ರೋಗ ಅವರಿಗೇ ಜಾಸ್ತಿ ತಗುಲಿತು. ರೊಟ್ಟಿ, ಪುಂಡಿಪಲ್ಯ ತಿಂದು ಬೆಳೆದ ನಮ್ಮ ಎರೆಹೊಲದ ಹುಡುಗನೊಬ್ಬ ಅಲ್ಲಿ ಕುಳಿತು ಏನು ಯೋಚಿಸಿರಬಹುದು ಅಂತ ನನಗೆ ಎಷ್ಟೋ ಸಲ ಅನಿಸಿದೆ. 1916ರ ಏಪ್ರಿಲ್ 29ರಂದು ಸುಮಾರು 13,000 ಮಂದಿ ಶರಣಾದರು. ಕೈದಿಗಳನ್ನು ಮರುಭೂಮಿಯಲ್ಲಿ ನೂರಾರು ಮೈಲಿ ನಡೆಸಿದರು, ರೈಲು ದಾರಿ ಹಾಕುವ ಕೆಲಸಕ್ಕೆ ಹಚ್ಚಿದರು. ದಾರಿಯಲ್ಲಿ ಬಿದ್ದವರು ಬಿದ್ದಲ್ಲೇ ಉಳಿದರು.

ಇಷ್ಟು ವಿವರ ಹೇಳಿದ್ದಕ್ಕೆ ಕಾರಣ ಇದೆ. ನೀವು ಕಲ್ಲು ನೆಡಬೇಕು ಅನ್ನುವ ಆ ‘ಜಾಗ’ ಯಾವುದು? ಟೆಸಿಫನ್ನೋ, ಕೂತೋ, ಮೋಸುಲ್ ದಾರಿಯೋ, ಆಸ್ಪತ್ರೆ ಹಡಗೋ? ಫ್ರಾನ್ಸಿನಲ್ಲಿ ಕಲ್ಲು ನೆಟ್ಟ ಇಂಗ್ಲಿಷ್ ಮನೆತನಗಳಿಗೆ ಈ ತೊಂದರೆ ಅಷ್ಟಿರಲಿಲ್ಲ. ಮಗನ ಮೇಲಧಿಕಾರಿ ಪತ್ರ ಬರೆಯುತ್ತಿದ್ದ. ಜೊತೆಗಿದ್ದವರು ಮನೆಗೆ ಬಂದು, ‘ಇಂಥ ಕಾಡಿನ ಅಂಚಿನಲ್ಲಿ ಕೊನೆ ಸಲ ನೋಡಿದೆ’ ಅನ್ನುತ್ತಿದ್ದರು. ನಮ್ಮ ಮನೆಗಳಿಗೆ ಬಂದದ್ದು ಒಂದು ಕಾಗದ. ಅದನ್ನು ಓದಿ ಹೇಳಲು ಶಾಲೆ ಮಾಸ್ತರರನ್ನು ಹುಡುಕಬೇಕಿತ್ತು.

ಆ ಮನೆತನಗಳ ಕಲ್ಲುಗಳ ಬಗ್ಗೆ ನೀವು ಓದಿದ್ದು ನಿಜ. 1915ರಲ್ಲೇ ಬ್ರಿಟಿಷ್ ಸೈನ್ಯ ಹೆಣಗಳನ್ನು ಊರಿಗೆ ಒಯ್ಯುವುದನ್ನು ನಿಷೇಧಿಸಿತ್ತು. 1917ರಲ್ಲಿ ಸಮಾಧಿ ಆಯೋಗ ಹುಟ್ಟಿತು. ಜನರಲ್‌ಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು, ಶ್ರೀಮಂತರು ಸ್ಮಶಾನದೊಳಗೆ ತಮ್ಮದೇ ಗುಡಿ ಗೋಪುರ ಕಟ್ಟುವ ಹಾಗಿಲ್ಲ ಅಂತ ನಿಯಮ ಮಾಡಿತು. ನನಗೆ ಆ ನಿಯಮದ ಮೇಲೆ ಬಹಳ ಗೌರವ ಇದೆ. ಆದರೆ ಹೆಣವೇ ಸಿಗದವರಿಗೆ ಒಂದೇ ಅಳತೆಯ ಆ ಕಲ್ಲೂ ಇರಲಿಲ್ಲ. ದೊಡ್ಡ ಗೋಡೆಯ ಮೇಲೆ ಒಂದು ಹೆಸರು ಅಷ್ಟೆ. ಫ್ರಾನ್ಸಿನ ತಿಯಪ್ವಾಲ್ ಸ್ಮಾರಕದ ಮೇಲೆ 72,000ಕ್ಕೂ ಹೆಚ್ಚು ಹೆಸರುಗಳಿವೆ. ಅಷ್ಟರಲ್ಲಿ ಮಗನ ಹೆಸರು ಹುಡುಕುವುದೇ ತಾಯಿಗೆ ಕಷ್ಟ. ಹಾಗಾಗಿ ಕೈಯಲ್ಲಿ ದುಡ್ಡಿದ್ದ ಕೆಲವರು ಮಗ ಬಿದ್ದ ಜಾಗದಲ್ಲೇ ಫ್ರೆಂಚ್ ರೈತರಿಂದ ಒಂದು ತುಂಡು ನೆಲ ಪಡೆದರು.

ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅವರ ಮೊಮ್ಮಗ ಮೇಜರ್ ಸೆಡ್ರಿಕ್ ಡಿಕನ್ಸ್ 1916ರ ಸೆಪ್ಟೆಂಬರ್ 9ರಂದು ಫ್ರಾನ್ಸಿನ ಸೊಮ್ ಕದನದಲ್ಲಿ ಜಾನ್ಶಿ ಎಂಬ ಹಳ್ಳಿಯ ಹತ್ತಿರ ಸತ್ತರು. ಹೆಣ ಸಿಗಲಿಲ್ಲ. ಅವರ ತಾಯಿ ಆ ನೆಲ ಕೊಂಡು ಮರದ ಶಿಲುಬೆ ನಿಲ್ಲಿಸಿದರು. ಅದೇ ಸೊಮ್‌ನ ಸೆರ್ ಹಳ್ಳಿ ಹತ್ತಿರ ವ್ಯಾಲೆಂಟೈನ್ ಬ್ರೇತ್‌ವೇಟ್ ಎಂಬ ಲೆಫ್ಟಿನೆಂಟ್ ನೆನಪಿಗೆ ಒಂದು ಶಿಲುಬೆ ಇದೆ. ಅವರ ಅಪ್ಪ ಸೈನ್ಯದಲ್ಲಿ ಜನರಲ್. ಜನರಲ್‌ನ ಮಗನ ಹೆಣವೂ ಸಿಗಲಿಲ್ಲ ನೋಡಿ. ಬೆಲ್ಜಿಯಂನ ಹೂಗೆಯಲ್ಲಿ 1915ರ ಜುಲೈ 30ರಂದು ಜರ್ಮನರು ಬೆಂಕಿ ಉಗುಳುವ ಯಂತ್ರ ತಂದು ದಾಳಿ ಮಾಡಿದರು. ಅಂದು ಸತ್ತ ಕೀತ್ ರೇ ಎಂಬ ಅಧಿಕಾರಿಗೆ ತಂದೆತಾಯಿ ಅಲ್ಲೇ ಕಲ್ಲಿನ ಶಿಲುಬೆ ಕಟ್ಟಿಸಿದರು.

ಇವು ಆಮೇಲೆ ಏನಾದವು ಅನ್ನುವುದನ್ನೂ ನೀವು ತಿಳಿಯಬೇಕು. ಕೀತ್ ರೇ ಶಿಲುಬೆ ಈಗ ಮೊದಲಿದ್ದ ಜಾಗದಲ್ಲಿಲ್ಲ. ಅದನ್ನು ಕಿತ್ತು ಹತ್ತಿರದ ಸ್ಯಾಂಕ್ಚುರಿ ವುಡ್ ಯುದ್ಧ ಸ್ಮಶಾನದ ಪಕ್ಕ ತಂದು ನಿಲ್ಲಿಸಿದ್ದಾರೆ. ಡಿಕನ್ಸ್ ಶಿಲುಬೆಯನ್ನೂ ಸರಿಸಿದ್ದಾರೆ. ಹೊಲದ ನಡುವೆ ಕಲ್ಲಿದ್ದರೆ ಉಳುವವನಿಗೆ ತೊಂದರೆ. ಇದನ್ನು ರೈತರ ಮನೆಯವರಾದ ನಿಮಗೆ ನಾನು ಹೇಳಬೇಕಾ? ನೆಟ್ಟ ತಾಯಿ ಇರುವ ತನಕ ಪ್ರತಿ ವರ್ಷ ಬರುತ್ತಾಳೆ. ಅವಳ ನಂತರ ತಂಗಿ ಬರಬಹುದು. ಮದುವೆಯಾಗದೆ ಸತ್ತ ಹುಡುಗನಿಗೆ ಮಕ್ಕಳಿಲ್ಲ, ಮೊಮ್ಮಕ್ಕಳಿಲ್ಲ. ಮೂರನೇ ತಲೆಮಾರಿಗೆ ಆ ಕಲ್ಲು ಪಕ್ಕದ ಹೊಲದವರ ಕೈಯಲ್ಲಿ. ಉಳಿದಿರುವ ಕಲ್ಲುಗಳು ಉಳಿದದ್ದು ಹಳ್ಳಿಯ ಯಾರೋ ಒಬ್ಬರು ಹುಲ್ಲು ಕಿತ್ತು, ಸುಣ್ಣ ಹಚ್ಚಿ ನೋಡಿಕೊಂಡದ್ದಕ್ಕೆ.

ಇದಕ್ಕೆ ನಮ್ಮ ಸೈನಿಕರದೇ ಒಂದು ಒಳ್ಳೆ ಉದಾಹರಣೆ ಇದೆ. ಎರಡನೇ ಮಹಾಯುದ್ಧದಲ್ಲಿ ಇದೇ ಮರಾಠಾ ರೆಜಿಮೆಂಟಿನ ನಾಯಕ್ ಯಶವಂತ್ ಘಾಡ್ಗೆ 1944ರ ಜುಲೈ 10ರಂದು ಇಟಲಿಯಲ್ಲಿ ಸತ್ತರು. ಅವರಿಗೆ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು, ಸಮಾಧಿ ಸಿಗಲಿಲ್ಲ. ಹೆಸರು ಕಸಿನೊ ಸ್ಮಾರಕದ ಮೇಲಿದೆ. 2023ರಲ್ಲಿ ಅವರು ಕಾದಾಡಿದ ಸೀಮೆಯ ಮೊಂಟೊನೆ ಎಂಬ ಊರಿನಲ್ಲಿ ಅವರ ಹೆಸರಿನ ಸೂರ್ಯಗಡಿಯಾರ ನಿಲ್ಲಿಸಿದರು. ಅದರಲ್ಲಿ ಆ ಊರಿನ ಆಡಳಿತವೇ ಸೇರಿಕೊಂಡಿತ್ತು. ಊರಿನವರೇ ತಮ್ಮದು ಅಂದುಕೊಂಡ ಕಲ್ಲು ಅದು.

ಇರಾಕ್‌ನಲ್ಲಿ ನಿಮಗೆ ಅಂಥ ಊರು ಸಿಗುವುದು ಕಷ್ಟ. ಅಲ್ಲಿ ನೆಲ ಕೊಳ್ಳುವುದು, ಪರವಾನಗಿ, ಹೋಗಿ ಬರುವ ಅಪಾಯ ಎಲ್ಲ ಒಂದು ಕಡೆ ಇರಲಿ. ಮಣ್ಣೇ ಕಲ್ಲನ್ನು ತಿನ್ನುತ್ತದೆ. ಅಮಾರಾ ಯುದ್ಧ ಸ್ಮಶಾನದಲ್ಲಿ ಸುಮಾರು 4,600 ಸಮಾಧಿಗಳಿವೆ. ಮಣ್ಣಿನ ಉಪ್ಪು ಏರಿ ಸಮಾಧಿ ಕಲ್ಲುಗಳು ಕೊರೆದು ಹೋಗತೊಡಗಿದವು. 1933ರಲ್ಲಿ ಆಯೋಗ ಎಲ್ಲ ಕಲ್ಲುಗಳನ್ನೂ ತೆಗೆದು ಗೋಡೆ ಕಟ್ಟಿ ಹೆಸರು ಕೆತ್ತಿಸಬೇಕಾಯಿತು. ಬಸ್ರಾ ಸ್ಮಾರಕದ ಕತೆಯಂತೂ ಇನ್ನೂ ದೊಡ್ಡದು. 1929ರಲ್ಲಿ ನದಿ ದಂಡೆಯಲ್ಲಿ ಕಟ್ಟಿದ ಅದನ್ನು 1997ರಲ್ಲಿ ಇರಾಕ್ ಅಧ್ಯಕ್ಷರ ಆಜ್ಞೆಯ ಮೇಲೆ ಬಿಚ್ಚಿ, ನಾಸಿರಿಯಾ ರಸ್ತೆಯಲ್ಲಿ 32 ಕಿಲೋಮೀಟರ್ ದೂರ ಒಯ್ದು ಮತ್ತೆ ಜೋಡಿಸಿದರು. ಒಂದು ಸಾಮ್ರಾಜ್ಯ ಕಟ್ಟಿದ ಕಲ್ಲೇ ನಿಂತಲ್ಲಿ ನಿಲ್ಲಲಿಲ್ಲ ಅಂದ ಮೇಲೆ ಅಣ್ಣತಮ್ಮಂದಿರು ನೆಟ್ಟದ್ದು ಎಷ್ಟು ದಿನ ನಿಂತೀತು?

ಇಲ್ಲಿ ನನಗೆ ನಿಜವಾಗಿ ನೋವು ಕೊಡುವ ವಿಷಯ ಬೇರೆ. ಬಸ್ರಾ ಸ್ಮಾರಕ ಸಮಾಧಿ ಸಿಗದ 40,000ಕ್ಕೂ ಹೆಚ್ಚು ಮಂದಿಯದು. ಅವರಲ್ಲಿ ಬಹಳ ಜನ ನಮ್ಮ ದೇಶದವರು. ಬ್ರಿಟಿಷ್ ಸಿಪಾಯಿಗಳ ಹೆಸರುಗಳನ್ನು ಒಂದೊಂದಾಗಿ ಕೆತ್ತಿದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರು ಮಾತ್ರ ಕೆತ್ತಿ, ಸಿಪಾಯಿಗಳನ್ನು ಇಂಥ ಪಲ್ಟನ್ನಿನ ಇಷ್ಟು ಮಂದಿ ಅಂತ ಲೆಕ್ಕ ಹಾಕಿ ಬಿಟ್ಟರು. ಸಾವಿನಲ್ಲಿ ಎಲ್ಲರೂ ಸಮ ಅಂದ ಅದೇ ಆಯೋಗದ ಕೆಲಸ ಇದು. 2021ರಲ್ಲಿ ಆಯೋಗದ ವಿಶೇಷ ಸಮಿತಿಯೇ ಈ ತಾರತಮ್ಯವನ್ನು ಒಪ್ಪಿಕೊಂಡಿತು. ಭಾರತ, ಆಫ್ರಿಕಾ, ಈಜಿಪ್ಟ್ ಕಡೆಯ 45,000ದಿಂದ 54,000 ಮಂದಿಯನ್ನು ಸಮನಾಗಿ ಸ್ಮರಿಸಲಿಲ್ಲ, ಇನ್ನೂ ಕನಿಷ್ಠ 1,16,000 ಮಂದಿಯ ಹೆಸರು ಎಲ್ಲೂ ಬಂದಿಲ್ಲ ಎಂದಿತು. ಬ್ರಿಟನ್ನಿನ ರಕ್ಷಣಾ ಮಂತ್ರಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ನಮ್ಮಲ್ಲೂ ಹಾಗೇ ಆಯಿತು. ಯುದ್ಧ ಮುಗಿದ ಮೇಲೆ ಸರ್ಕಾರ ಎಷ್ಟೋ ಹಳ್ಳಿಗಳಲ್ಲಿ ಸಣ್ಣ ಫಲಕ ಹಾಕಿಸಿತು. ಈ ಊರಿನಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಜೀವ ಕೊಟ್ಟರು ಅಂತ ಅದರ ಮೇಲಿರುತ್ತದೆ. ಹೆಸರು ಇರುವುದಿಲ್ಲ. ನಿಮ್ಮ ಊರಿನ ಚಾವಡಿ, ಹಳೆ ಶಾಲೆ ಗೋಡೆ ಒಮ್ಮೆ ನೋಡಿ. ದೆಹಲಿಯ ಇಂಡಿಯಾ ಗೇಟ್‌ಗೆ ಹೋಗಿ ಹುಡುಕಿ ಬೇಸರ ಮಾಡಿಕೊಂಡು ಬಂದವರನ್ನೂ ಕಂಡಿದ್ದೇನೆ. ಅದರ ಮೇಲೆ ಇರುವುದು 13,000 ಚಿಲ್ಲರೆ ಹೆಸರು. ಹೆಚ್ಚಿನವು ವಾಯವ್ಯ ಗಡಿಯಲ್ಲಿ ಮತ್ತು ಅಫ್ಘನ್ ಯುದ್ಧದಲ್ಲಿ ಸತ್ತವರವು. ಮೆಸೊಪೊಟೇಮಿಯಾಕ್ಕೆ ಹೋದವರನ್ನು ಅಲ್ಲಿ ಹುಡುಕಿದರೆ ಸಿಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಇರಾಕ್ ಯೋಚನೆ ಬಿಡಿ. ಮೊದಲು ಆಯೋಗದ ದಾಖಲೆಯಲ್ಲಿ ಹೆಸರು ಇದೆಯಾ ನೋಡಿ. ಇದ್ದು ತಪ್ಪಾಗಿದ್ದರೆ, ಅಥವಾ ಇಲ್ಲವೇ ಇಲ್ಲದಿದ್ದರೆ, ಮೆಡಲ್ ಅಂಚಿನ ಫೋಟೋ, ಪಿಂಚಣಿ ಕಾಗದ, ಮನೆಯ ವಂಶಾವಳಿ ಸೇರಿಸಿ ಅರ್ಜಿ ಕೊಡಿ. ಟೈಮ್ ಹಿಡಿಯುತ್ತದೆ. ಆದರೂ ಈ ಕೆಲಸ ಮೊದಲು. ಆಮೇಲೆ ಕಲ್ಲು. ಅದನ್ನು ನಿಮ್ಮ ಊರಲ್ಲೇ ನೆಡಿ.

ಇದು ಸಮಾಧಾನಕ್ಕೆ ಹೇಳುವ ಮಾತು ಅಂದುಕೊಳ್ಳಬೇಡಿ. ಕಾದಾಡಿ ಸತ್ತವನಿಗೆ ಮನೆಯವರು, ಊರವರು ಕಲ್ಲು ನಿಲ್ಲಿಸುವ ರೂಢಿ ನಮ್ಮ ಸೀಮೆಯಲ್ಲಿ ಸಾವಿರ ವರ್ಷಕ್ಕಿಂತ ಹಳೆಯದು. ಹಾನಗಲ್ಲಿಗೆ ಹೋಗಿ ನೋಡಿ, ಲಕ್ಕುಂಡಿಗೆ ಹೋಗಿ ನೋಡಿ. ಗುಡಿ ಮುಂದೆ, ಕೆರೆ ಏರಿ ಮೇಲೆ, ಅಗಸಿ ಹತ್ತಿರ ವೀರಗಲ್ಲು ನಮ್ಮ ಕಡೆ ಎಲ್ಲೆಲ್ಲೂ ಇವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಬರಹ ಇರುವ ಕಲ್ಲಾದರೆ ವೀರನ ಹೆಸರು, ಎಷ್ಟೋ ಸಲ ಕಲ್ಲು ನಿಲ್ಲಿಸಿದ ತಮ್ಮನ ಹೆಸರೂ ಇರುತ್ತದೆ. ಹೆಸರೇ ಇಲ್ಲದ ಕಲ್ಲುಗಳು ಏನಾದವು ಅಂತಲೂ ನೋಡಿದ್ದೀರಿ, ಅಲ್ವಾ? ಬಟ್ಟೆ ಒಗೆಯುವ ಕಲ್ಲಾದವು, ಗೋಡೆ ಸೇರಿದವು.

ಕಲ್ಲಿನ ವಿಚಾರದಲ್ಲಿ ಅಮೃತಶಿಲೆ ಬೇಡ. ಬಿಸಿಲು ಮಳೆಗೆ ಹಳದಿಯಾಗಿ ಅಕ್ಷರ ಸವೆಯುತ್ತವೆ. ರೋಣದಿಂದ ಇಳಕಲ್ ಏನು ದೂರ? ಅಲ್ಲಿನ ಕೆಂಪು ಗ್ರಾನೈಟ್ ಗಟ್ಟಿ. ಅಕ್ಷರ ಆಳವಾಗಿ ಕೊರೆಸಿ. ಸುಮ್ನೆ ಬಣ್ಣದಲ್ಲಿ ಬರೆಸಿದರೆ ನಾಲ್ಕು ಬೇಸಿಗೆಯೂ ತಾಳುವುದಿಲ್ಲ. ನಿಮ್ಮ ಹೊಲದ ಬದುವಿನಲ್ಲೋ ಮನೆ ಮುಂದೆಯೋ ಆದರೆ ಯಾರನ್ನೂ ಕೇಳಬೇಕಿಲ್ಲ. ಗಾಂವಠಾಣ ಜಾಗವಾದರೆ ಗ್ರಾಮ ಪಂಚಾಯಿತಿಯ ಠರಾವು ಮಾಡಿಸಿಕೊಳ್ಳಿ. ಪುರಾತತ್ವ ಇಲಾಖೆಯ ಗುಡಿ ಹತ್ತಿರವಿದ್ದರೆ ನೂರು ಮೀಟರ್ ಒಳಗೆ ಏನೂ ಕಟ್ಟುವ ಹಾಗಿಲ್ಲ.

ಬರಹ ಕನ್ನಡದಲ್ಲಿರಲಿ. ಹೆಸರು, ತಂದೆಯ ಹೆಸರು, ಊರು, ಸೈನಿಕ ನಂಬರ್, ಪಲ್ಟನ್, ದಾಖಲೆಯಲ್ಲಿ ಸಿಕ್ಕರೆ ದಿನಾಂಕ. ಸತ್ತ ಜಾಗ ಖಚಿತವಾಗದಿದ್ದರೆ ‘ಮೆಸೊಪೊಟೇಮಿಯಾ (ಈಗಿನ ಇರಾಕ್)’ ಅಂತಷ್ಟೇ ಕೊರೆಸಿ. ಚೆನ್ನಾಗಿ ಕಾಣಲಿ ಅಂತ ಕೂತ್ ಅಂತ ಸೇರಿಸಬೇಡಿ. ‘ವೀರಮರಣ’ ಅನ್ನುವ ಪದವನ್ನೂ ಯೋಚಿಸಿ ಹಾಕಿ. ಜ್ವರದಿಂದ, ಹಸಿವಿನಿಂದ ಸತ್ತಿದ್ದರೂ ಅವರು ದಂಡಿಗೆ ಹೋಗಿಯೇ ಸತ್ತವರು. ‘ತಿರುಗಿ ಬರಲಿಲ್ಲ’ ಅಂತ ನೀವು ಪತ್ರದಲ್ಲಿ ಬರೆದಿದ್ದೀರಲ್ಲ, ಆ ಎರಡು ಪದ ನನಗೆ ಬಹಳ ಸರಿ ಅನಿಸಿತು.

ಮುತ್ತಜ್ಜಿಯ ಹೆಸರನ್ನೂ ಅದೇ ಕಲ್ಲಿನ ಮೇಲೆ ಹಾಕಿಸಿ ಅಂತ ಕೇಳಿಕೊಳ್ಳುತ್ತೇನೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಸಿಲುಕಿದ್ದ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನದ ಮೇಲೆ ಜೀವಂತ ಸಿಕ್ಕರು. ಅವರು ಉಳಿಯಲಿ ಅಂತ ಇಡೀ ಧಾರವಾಡ ಜಿಲ್ಲೆ ಉಸಿರು ಬಿಗಿಹಿಡಿದು ಕಾದಿತ್ತು. ಫೆಬ್ರವರಿ 11ಕ್ಕೆ ಅವರು ತೀರಿಕೊಂಡ ಸುದ್ದಿ ಬಂದಾಗ ಹುಬ್ಬಳ್ಳಿಯ ಬೀದಿಗಳಲ್ಲಿ ಜನ ಅತ್ತದ್ದನ್ನು ನಾನು ಕಂಡಿದ್ದೇನೆ. ನಾವು ಕಾದದ್ದು ಕೆಲವೇ ದಿನ. ನಿಮ್ಮ ಮುತ್ತಜ್ಜಿ ಬಳೆ ತೊಟ್ಟುಕೊಂಡು ಬದುಕಿಡೀ ಕಾದರು. ಅವರ ಹೆಸರು ಯಾವ ಪಲ್ಟನ್ನಿನ ದಾಖಲೆಯಲ್ಲೂ ಇರುವುದಿಲ್ಲ. ಮನೆಯಲ್ಲಿ ಹಿರಿಯ ಅತ್ತೆಯಂದಿರು, ಸೋದರತ್ತೆಯಂದಿರು ಇದ್ದರೆ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಕಲ್ಲು ನಿಲ್ಲಿಸುವ ದಿನಕ್ಕೆ ಪಂಚಾಂಗ ಹುಡುಕುವುದು ಬೇಡ. ಸತ್ತ ತಿಥಿ ಗೊತ್ತಿಲ್ಲದವರಿಗೆ ನಮ್ಮಲ್ಲಿ ಮಹಾನವಮಿ ಅಮಾವಾಸ್ಯೆ ಇದೆ. ಅಂದು ಎಡೆ ಹಿಡಿಯುವಾಗಲೇ ನಿಲ್ಲಿಸಿ. ಅಷ್ಟರೊಳಗೆ ಮೆಡಲ್ ಅಂಚಿನ ಫೋಟೋ ತೆಗೆದು ನನಗೆ ಕಳಿಸಿ. ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದರೆ ಬೆಳ್ಳಿ ಹೊಳೆದು ಅಕ್ಷರ ಕಾಣುವುದಿಲ್ಲ. ಬೆಳಗಿನ ಎಳೆಬಿಸಿಲು ಓರೆಯಾಗಿ ಬೀಳುವ ಹಾಗೆ ಕಿಟಕಿ ಹತ್ತಿರ ಹಿಡಿಯಿರಿ, ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಏಳೆಂಟು ಫೋಟೋ ತೆಗೆಯಿರಿ. ನಂಬರಿನಿಂದ ಶುರು ಮಾಡಿ.